ಕ್ಲೌಡ್ ಕಂಪ್ಯೂಟಿಂಗ್: ನಮ್ಮ ತಾಲ್ಲೂಕುಗಳ ವರ್ತಕರು ಅರಿಯಬೇಕಾದ ಸಂಗತಿಗಳು

ಅಡಿಕೆಯ ಲಾಟುಗಳಿಗೆ ಧಾರಣೆ ನಮೂದಿಸಲು ಇಂದು ಚನ್ನಗಿರಿಯ ವರ್ತಕನು ಅಂಗಡಿಯ ಗಾದಿಯನ್ನು ಬಿಟ್ಟು ಏಳಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲ್ ದೂರವಾಣಿಯಲ್ಲಿ ಅಂಕಿ ಒತ್ತಿದರೆ ಸಾಕು. ಆ ಅಂಕಿ ಎಲ್ಲಿಗೆ ಹೋಯಿತು, ಯಾವ ಗಣಕಯಂತ್ರವು ಉಳಿದ ಧಾರಣೆಗಳೊಡನೆ ಅದನ್ನು ಹೋಲಿಸಿ ಹೆಚ್ಚಿನದನ್ನು ಆರಿಸಿತು ಎಂಬುದನ್ನು ಆತ ತಿಳಿಯನು; ತಿಳಿಯುವ ಅಗತ್ಯವೂ ಇಲ್ಲ. 2014ರ ಫೆಬ್ರವರಿಯಲ್ಲಿ ಆರಂಭಗೊಂಡ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯು ನಮ್ಮ ವರ್ತಕರಿಗೆ ಅರಿವಿಲ್ಲದಂತೆಯೇ ಒಂದು ಅಭ್ಯಾಸವನ್ನು ಕಲಿಸಿತು. ಅದೆಂದರೆ, ತನ್ನ ವ್ಯವಹಾರವನ್ನು ತನ್ನದಲ್ಲದ, ತಾನು ಕಾಣದ ಯಂತ್ರದ ಮೇಲೆ ನಡೆಸುವುದು. ವ್ಯಾಟ್ ಕಾಲದ ಇ-ಸುಗಮ, 2018ರ ಏಪ್ರಿಲ್‌ನಿಂದ ಬಂದ ಇ-ವೇ ಬಿಲ್, ರಸಗೊಬ್ಬರದ ಅಂಗಡಿಗಳಲ್ಲಿ ಹೆಬ್ಬೆಟ್ಟು ಪಡೆದು ಮಾರಾಟ ದಾಖಲಿಸುವ ಪಿಓಎಸ್ ಯಂತ್ರ, ಇವೆಲ್ಲವೂ ಅದೇ ಬಗೆಯವು.

ಕ್ಲೌಡ್ ಕಂಪ್ಯೂಟಿಂಗ್ ಎಂದು ಕರೆಯಲಾಗುವ ವ್ಯವಸ್ಥೆಯನ್ನು ಈ ಅಭ್ಯಾಸದ ಮುಂದಿನ ಹೆಜ್ಜೆ ಎನ್ನಬಹುದು. ವರ್ಷವಿಡೀ ಮೋಡದತ್ತಲೇ ದೃಷ್ಟಿ ನೆಟ್ಟಿರುವ ಜಗಳೂರಿನವರಿಗೆ ಈ ಹೆಸರು ಸ್ವಲ್ಪ ತಮಾಷೆಯಾಗಿ ಕೇಳಿಸೀತು. ಹೆಸರಿನಲ್ಲಿ ಮೋಡವಿದ್ದರೂ ವಸ್ತು ಇರುವುದು ನೆಲದ ಮೇಲೆಯೇ. ಮುಂಬಯಿ, ಹೈದರಾಬಾದ್, ಚೆನ್ನೈ, ಪುಣೆಗಳಲ್ಲಿ ಕಟ್ಟಿರುವ ಬೃಹತ್ ದತ್ತಾಂಶ ಕೇಂದ್ರಗಳಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ಗಣಕಯಂತ್ರಗಳೇ ಆ ಮೋಡ. ಅವುಗಳ ಶಕ್ತಿ ಹಾಗೂ ಸಂಗ್ರಹಣಾ ಸಾಮರ್ಥ್ಯವನ್ನು ಅಂತರಜಾಲದ ಮೂಲಕ, ಬಳಸಿದಷ್ಟಕ್ಕೆ ಬಾಡಿಗೆ ತೆತ್ತು ಪಡೆಯುವುದೇ ಕ್ಲೌಡ್ ಕಂಪ್ಯೂಟಿಂಗ್.

ಕೊಳವೆಬಾವಿ ಮತ್ತು ಕಾಲುವೆ

ಜಗಳೂರಿನ ರೈತ ತನ್ನ ಹೊಲದಲ್ಲಿ ಕೊಳವೆಬಾವಿ ಕೊರೆಸುತ್ತಾನೆ. ಹಣ ಮೊದಲೇ ಹೂಡಬೇಕು, ಪಂಪು ಕೆಟ್ಟರೆ ತಾನೇ ಎತ್ತಿಸಬೇಕು, ನೀರು ಬತ್ತಿದರೆ ಹೂಡಿದ್ದೆಲ್ಲ ಹೋಯಿತು. ಚನ್ನಗಿರಿ, ಹೊನ್ನಾಳಿಗಳ ಭದ್ರಾ ಅಚ್ಚುಕಟ್ಟಿನ ರೈತನು ಕಾಲುವೆಯ ನೀರು ಪಡೆಯುತ್ತಾನೆ. ಅಣೆಕಟ್ಟು ಕಟ್ಟುವ, ಕಾಲುವೆ ದುರಸ್ತಿ ಮಾಡುವ ಚಿಂತೆ ಅವನದಲ್ಲ. ಆದರೆ ನೀರು ಬಿಡುವ ದಿನವನ್ನು ನಿರ್ಧರಿಸುವವನೂ ಅವನಲ್ಲ. ಅಂಗಡಿಯ ಮೂಲೆಯಲ್ಲಿ ಸ್ವಂತ ಸರ್ವರ್ ಇಟ್ಟುಕೊಳ್ಳುವುದಕ್ಕೂ ಕ್ಲೌಡ್ ಸೇವೆ ಪಡೆಯುವುದಕ್ಕೂ ಇರುವ ಅಂತರ ಇಷ್ಟೇ. ಕಾಲುವೆಯ ಕೊನೆಭಾಗದ ರೈತನ ಗೋಳು ಎಲ್ಲರಿಗೂ ಗೊತ್ತು. ಅಂತರಜಾಲದ ವಿಷಯದಲ್ಲಿ ನಮ್ಮ ತಾಲ್ಲೂಕುಗಳು ಕೊನೆಭಾಗದಲ್ಲಿವೆ ಎಂಬುದನ್ನು ಮಾರಾಟ ಪ್ರತಿನಿಧಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಸರ್ಕಾರವು ಈ ದಾರಿಯನ್ನು ನಮಗಿಂತ ಮೊದಲೇ ತುಳಿದಿದೆ. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡಾಗ ಆಯಾ ತಾಲ್ಲೂಕಿನ ದತ್ತಾಂಶವು ತಾಲ್ಲೂಕು ಕಚೇರಿಯಲ್ಲಿದ್ದ ಸರ್ವರಿನಲ್ಲಿಯೇ ಇರುತ್ತಿತ್ತು. ನಂತರ ಅದನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಒಯ್ಯಲಾಯಿತು. ಕೇಂದ್ರ ಸರ್ಕಾರವು 2014ರಲ್ಲಿ ಮೇಘರಾಜ್ ಎಂಬ ಹೆಸರಿನ ತನ್ನ ಕ್ಲೌಡ್ ಸೇವೆಯನ್ನು ಆರಂಭಿಸಿತು. 2022ರ ಜೂನ್‌ನಲ್ಲಿ ರೂ. 2,516 ಕೋಟಿ ವೆಚ್ಚದಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಅನುಮೋದನೆ ದೊರೆಯಿತು. ಪ್ರತಿ ಸಂಘದಲ್ಲಿ ಬೇರೆಬೇರೆ ಸರ್ವರ್ ಇಡುವ ಬದಲು ಕ್ಲೌಡ್ ಆಧಾರಿತ ಸಮಾನ ತಂತ್ರಾಂಶವೊಂದನ್ನೇ ಎಲ್ಲ ಸಂಘಗಳೂ ಬಳಸುವುದು ಇದರ ತಿರುಳು. ಹಳ್ಳಿಯ ಸೊಸೈಟಿಯೇ ಕ್ಲೌಡ್‌ಗೆ ಹೋಗುತ್ತಿರುವಾಗ ಪಟ್ಟಣದ ಮಂಡಿಯು ಅದರ ಗೊಡವೆ ತನಗೆ ಬೇಡವೆಂದು ಕುಳಿತಿರುವುದು ಕಷ್ಟ.

ಸೇವೆಯ ಮೂರು ಅಂತಸ್ತುಗಳು

ಮಾರುಕಟ್ಟೆಯಲ್ಲಿ ಕ್ಲೌಡ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆಬೇರೆ ಸರಕುಗಳು ಮಾರಾಟವಾಗುತ್ತಿವೆ. ಇವುಗಳ ಭೇದ ತಿಳಿಯದೆ ಒಪ್ಪಂದಕ್ಕೆ ಸಹಿ ಹಾಕಿದವರೇ ನಂತರ ಪಶ್ಚಾತ್ತಾಪ ಪಡುವುದು ಹೆಚ್ಚು. ಹೊನ್ನಾಳಿ, ನ್ಯಾಮತಿ ಕಡೆಯ ಭತ್ತದ ವ್ಯವಹಾರವನ್ನೇ ನೆನೆದರೆ ವಿಷಯ ಸುಲಭವಾಗುತ್ತದೆ. ಒಬ್ಬನು ಖಾಲಿ ಶೆಡ್ಡನ್ನು ಬಾಡಿಗೆಗೆ ಹಿಡಿದು, ತನ್ನದೇ ಯಂತ್ರ ಕೂಡಿಸಿ, ತನ್ನದೇ ಆಳುಗಳಿಂದ ಅಕ್ಕಿ ಮಾಡಿಸುತ್ತಾನೆ. ಇನ್ನೊಬ್ಬನು ಯಂತ್ರ ಸಹಿತ ನಡೆಯುತ್ತಿರುವ ಗಿರಣಿಗೆ ಭತ್ತ ಒಯ್ದು ಕೂಲಿ ಕೊಟ್ಟು ಮಿಲ್ ಮಾಡಿಸುತ್ತಾನೆ. ಮೂರನೆಯವನು ಮೂಟೆಯಲ್ಲಿ ಸಿದ್ಧ ಅಕ್ಕಿಯನ್ನೇ ಕೊಳ್ಳುತ್ತಾನೆ.

ಖಾಲಿ ಶೆಡ್ಡಿಗೆ ಸಮನಾದುದು ಮೂಲಸೌಕರ್ಯ ಸೇವೆ. ಇಲ್ಲಿ ದೊರೆಯುವುದು ಬರಿಯ ಗಣಕಶಕ್ತಿ, ಸಂಗ್ರಹಣೆ ಮತ್ತು ಜಾಲಸಂಪರ್ಕ. ಅದರ ಮೇಲೆ ಯಾವ ತಂತ್ರಾಂಶ ಹಾಕಬೇಕು, ಅದಕ್ಕೆ ರಕ್ಷಣೆ ಹೇಗೆ ಎಂಬುದೆಲ್ಲ ಬಾಡಿಗೆದಾರನ ಹೊಣೆ. ಅಮೆಜಾನ್ ಸಂಸ್ಥೆಯು 2006ರಲ್ಲಿ ಎಸ್-3 ಎಂಬ ಸಂಗ್ರಹಣಾ ಸೇವೆಯನ್ನೂ ಇಸಿ-2 ಎಂಬ ಗಣಕಯಂತ್ರ ಬಾಡಿಗೆ ಸೇವೆಯನ್ನೂ ಆರಂಭಿಸಿದ್ದೇ ಈ ವಹಿವಾಟಿನ ಮೊದಲ ದೊಡ್ಡ ಹೆಜ್ಜೆ. ಕೂಲಿ ಗಿರಣಿಯಂತಹುದು ವೇದಿಕೆ ಸೇವೆ. ತಂತ್ರಾಂಶ ಬರೆಯುವವರಿಗೆ ಬೇಕಾದ ಸಲಕರಣೆಗಳೆಲ್ಲ ಅಲ್ಲಿ ಸಜ್ಜಾಗಿರುತ್ತವೆ. 2008ರ ಗೂಗಲ್ ಆ್ಯಪ್ ಎಂಜಿನ್ ಇದಕ್ಕೆ ಉದಾಹರಣೆ. ಸಾಮಾನ್ಯ ವರ್ತಕನಿಗೆ ಇದರ ನೇರ ಅಗತ್ಯ ಬರುವುದಿಲ್ಲ. ಸಿದ್ಧ ಅಕ್ಕಿಯಂತಹುದು ತಂತ್ರಾಂಶ ಸೇವೆ. ಜೋಹೋ ಬುಕ್ಸ್‌ನಂತಹ ಲೆಕ್ಕಪತ್ರ ತಂತ್ರಾಂಶ, ಜಿಮೇಲ್, ಬಿಲ್ಲಿಂಗ್ ಆ್ಯಪ್‌ಗಳು ಈ ಗುಂಪಿನವು. ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟಿ ಬಳಸುವುದಷ್ಟೇ ಗ್ರಾಹಕನ ಕೆಲಸ.

ಇವುಗಳ ನಡುವೆ ನಿಲ್ಲುವ ಇನ್ನೊಂದು ಬಗೆಯುಂಟು, ನಮ್ಮ ಭಾಗದಲ್ಲಿ ಮಾರಾಟಗಾರರು ಹೆಚ್ಚಾಗಿ ತರುವುದೂ ಇದನ್ನೇ. ಸದಸ್ಯರು ಈಗಾಗಲೇ ಬಳಸುತ್ತಿರುವ ಟ್ಯಾಲಿ ತಂತ್ರಾಂಶವನ್ನು ದೂರದ ಸರ್ವರಿನಲ್ಲಿ ಹಾಕಿಕೊಟ್ಟು, ಅಂಗಡಿ, ಮನೆ, ಲೆಕ್ಕಪರಿಶೋಧಕರ ಕಚೇರಿ ಮೂರೂ ಕಡೆಯಿಂದ ತೆರೆಯುವಂತೆ ಮಾಡುವ ವ್ಯವಸ್ಥೆ ಅದು. ಸೌಕರ್ಯವೇನೋ ನಿಜ. ಆದರೆ ಇಲ್ಲಿ ಟ್ಯಾಲಿಯ ಪರವಾನಗಿ ಒಬ್ಬರದು, ಸರ್ವರ್ ಇನ್ನೊಬ್ಬರದು, ಜೋಡಿಸಿಕೊಟ್ಟವನು ಮೂರನೆಯವನು. ಲೆಕ್ಕ ತೆರೆಯದ ದಿನ ಯಾರಿಗೆ ಫೋನು ಮಾಡಬೇಕೆಂಬುದು ಮೊದಲೇ ನಿರ್ಧಾರವಾಗಿರತಕ್ಕದ್ದು.

ವೇದಿಕೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅಮೆಜಾನ್, ಮೈಕ್ರೋಸಾಫ್ಟ್‌ನ ಅಜ್ಯೂರ್ ಮತ್ತು ಗೂಗಲ್ ಕ್ಲೌಡ್ ಇವು ಜಗತ್ತಿನ ಮೂರು ದೊಡ್ಡ ಹೆಸರುಗಳು. ಅಜ್ಯೂರ್ 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿ, ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ ಹಾಗೂ 2022ರಲ್ಲಿ ಹೈದರಾಬಾದಿನಲ್ಲಿ, ಗೂಗಲ್ 2017ರಲ್ಲಿ ಮುಂಬಯಿಯಲ್ಲಿ ಮತ್ತು 2021ರಲ್ಲಿ ದೆಹಲಿಯಲ್ಲಿ ತಮ್ಮ ಕೇಂದ್ರಗಳನ್ನು ತೆರೆದವು. ಇ2ಇ ನೆಟ್‌ವರ್ಕ್ಸ್, ಯೋಟ್ಟಾ, ಕಂಟ್ರೋಲ್‌ಎಸ್ ಮುಂತಾದ ಭಾರತೀಯ ಸಂಸ್ಥೆಗಳೂ ಕಣದಲ್ಲಿವೆ. ಮಂಡಿಯೊಂದರ ಅಗತ್ಯಕ್ಕೆ ಇವುಗಳಲ್ಲಿ ಯಾವುದಾದರೂ ಸಾಕೇ ಸಾಕು. ಆಯ್ಕೆಯ ತಲೆನೋವು ವೇದಿಕೆಯ ಮಟ್ಟದಲ್ಲಿಲ್ಲ.

ಲೆಕ್ಕದ ಪ್ರತಿ: ಮೊದಲು ಮಾಡಬೇಕಾದ ಕೆಲಸ

ಇಲ್ಲಿ ಸ್ವಾನುಭವವೊಂದನ್ನು ಹೇಳುವುದಕ್ಕೆ ಓದುಗರ ಕ್ಷಮೆ ಇರಲಿ. ಕೆಲವು ವರ್ಷಗಳ ಹಿಂದೆ ಮುಂಗಾರು ಪೂರ್ವದ ಗುಡುಗು ಮಳೆಯ ಒಂದು ಸಂಜೆ ಸಿಡಿಲಿನ ಆಘಾತಕ್ಕೆ ನಮ್ಮ ಅಂಗಡಿಯ ಗಣಕಯಂತ್ರ ಸುಟ್ಟುಹೋಯಿತು. ಬ್ಯಾಕಪ್ ಇದೆ ಎಂದು ತಂತ್ರಾಂಶ ಹಾಕಿಕೊಟ್ಟವರು ಭರವಸೆ ನೀಡಿದ್ದರು. ಇದ್ದದ್ದು ನಿಜ, ಅದೇ ಯಂತ್ರದ ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ! ಪೆನ್ ಡ್ರೈವ್ ಒಂದಿತ್ತು. ಅದೂ ಆ ಯಂತ್ರಕ್ಕೇ ಸಿಕ್ಕಿಸಿಟ್ಟದ್ದಾಗಿತ್ತು. ಖರೀದಿ ಬಿಲ್ಲುಗಳು, ಬ್ಯಾಂಕಿನ ಪಾಸ್ ಪುಸ್ತಕ, ಎದುರು ಪಾರ್ಟಿಗಳ ಲೆಕ್ಕ ಇವನ್ನೆಲ್ಲ ಕೂಡಿಸಿ ವರ್ಷದ ಖಾತೆಗಳನ್ನು ಮತ್ತೆ ಕಟ್ಟುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಉದ್ರಿ ಬಾಕಿಯಲ್ಲಿ ಕೆಲವು ಕಲಮುಗಳು ಕೊನೆಗೂ ತಾಳೆಯಾಗಲಿಲ್ಲ. ಕೊಡಬೇಕಾದವರು ನೆನಪಿಸಿಕೊಂಡು ಕೊಟ್ಟಷ್ಟೇ ಬಂದದ್ದು.

ಸಿಡಿಲಲ್ಲದಿದ್ದರೆ ನೀರು. ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿದ ವರ್ಷ ನದಿ ದಂಡೆಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗುವುದುಂಟು. ಜಗಳೂರಿನಲ್ಲಿ ವಿದ್ಯುತ್ ಏರಿಳಿತವೇ ಸಾಕು. ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆಯೂ ಹೌದು. ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕೆಂದು ಜಿಎಸ್‌ಟಿ ಕಾಯಿದೆಯ 36ನೇ ಪ್ರಕರಣ ವಿಧಿಸುತ್ತದೆ. ಅಪಘಾತ ಅಥವಾ ಪ್ರಕೃತಿ ವಿಕೋಪದಿಂದ ವಿದ್ಯುನ್ಮಾನ ದಾಖಲೆಗಳು ನಾಶವಾದರೂ ಯುಕ್ತ ಅವಧಿಯಲ್ಲಿ ಮರಳಿ ಪಡೆಯುವಂತೆ ಪ್ರತಿ ಇಟ್ಟಿರಬೇಕೆಂದು ಅದರ ನಿಯಮ 57 ಹೇಳುತ್ತದೆ. ಎಂದರೆ ಸಿಡಿಲು ಬಡಿಯಿತೆಂಬುದು ಇಲಾಖೆಯ ಮುಂದೆ ಉತ್ತರವಾಗಲಾರದು. ಖಾಸಗಿ ಕಂಪನಿಯಾಗಿ ನೋಂದಾಯಿಸಿರುವ ಸದಸ್ಯರಿಗಂತೂ ಲೆಕ್ಕಪುಸ್ತಕದ ಪ್ರತಿಯನ್ನು ಭಾರತದೊಳಗಿರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕೆಂಬ ನಿಬಂಧನೆ 2022ರ ಆಗಸ್ಟ್‌ನಿಂದ ಅನ್ವಯಿಸುತ್ತದೆ.

ಆದುದರಿಂದ ಕ್ಲೌಡ್‌ನತ್ತ ಮೊದಲ ಹೆಜ್ಜೆ ಇಡುವವರು ವ್ಯವಹಾರವನ್ನೆಲ್ಲ ಒಮ್ಮೆಗೇ ಸಾಗಿಸುವ ಆತುರ ಮಾಡದೆ, ಪ್ರತಿರಾತ್ರಿ ಲೆಕ್ಕದ ಪ್ರತಿಯೊಂದನ್ನು ಹೊರಗೆ ಕಳುಹಿಸುವುದರಿಂದ ಆರಂಭಿಸುವುದು ಒಳಿತು ಎಂಬುದು ಈ ಲೇಖಕನ ಅಭಿಪ್ರಾಯ. ಸಾಧಾರಣ ಮಂಡಿಯ ಒಂದು ವರ್ಷದ ಲೆಕ್ಕವು ಕೆಲವು ನೂರು ಮೆಗಾಬೈಟ್ ದಾಟುವುದು ಅಪರೂಪ. ದೊಡ್ಡ ವೇದಿಕೆಗಳಲ್ಲಿ ಒಂದು ಗಿಗಾಬೈಟ್ ದತ್ತಾಂಶವನ್ನು ಒಂದು ತಿಂಗಳು ಇಡುವ ಶುಲ್ಕ ಎರಡು ಮೂರು ರೂಪಾಯಿಗಳ ಆಸುಪಾಸಿನಲ್ಲಿದೆ. ಹಲವು ವರ್ಷಗಳ ಲೆಕ್ಕ ಇಟ್ಟರೂ ತಿಂಗಳ ಖರ್ಚು ಗುಮಾಸ್ತನ ಚಹಾದ ಖರ್ಚನ್ನು ಮೀರದು.

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಗೂಗಲ್ ಡ್ರೈವ್‌ನಂತಹ ಸೇವೆಯಲ್ಲಿ ಫೋಲ್ಡರನ್ನು ಜೋಡಿಸಿಟ್ಟರೆ ಪ್ರತಿ ಇಟ್ಟಂತಾಯಿತೆಂದು ಹಲವರು ಭಾವಿಸಿದ್ದಾರೆ. ಆ ಜೋಡಣೆಯು ಅಂಗಡಿಯಲ್ಲಿ ಆದುದನ್ನು ಅಲ್ಲಿಯೂ ಹಾಗೆಯೇ ಮಾಡುತ್ತದೆ. ಗುಮಾಸ್ತನು ಕಡತ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಒತ್ತೆಹಣ ಕೇಳುವ ವೈರಸ್ ಹೊಕ್ಕು ಕಡತಗಳಿಗೆ ಬೀಗ ಜಡಿದರೆ ಆ ಬೀಗ ಹಾಕಿದ ಕಡತವೇ ಅಲ್ಲಿಗೂ ಹೋಗುತ್ತದೆ. ಹಳೆಯ ದಿನಾಂಕದ ಪ್ರತಿಗಳನ್ನು ಬೇರೆಬೇರೆಯಾಗಿ ಉಳಿಸಿಕೊಳ್ಳುವ ಸೌಲಭ್ಯವಿದ್ದರೆ ಮಾತ್ರ ಅದು ನಿಜವಾದ ಬ್ಯಾಕಪ್. ಎರಡನೆಯದು, ಖಾತೆಯು ಯಾರ ಹೆಸರಿನಲ್ಲಿದೆ ಎಂಬುದು. ಅಂಗಡಿಯ ಲೆಕ್ಕ ಹೋಗುವ ಖಾತೆಯು ಗುಮಾಸ್ತನ ಸ್ವಂತ ಇ-ಮೇಲ್‌ನಲ್ಲಿದ್ದು, ಓಟಿಪಿ ಅವನ ಮೊಬೈಲಿಗೆ ಬರುತ್ತಿದ್ದರೆ, ಅವನು ಕೆಲಸ ಬಿಟ್ಟ ದಿನ ಲೆಕ್ಕವೂ ಅವನೊಡನೆ ಹೋಯಿತೆಂದೇ ತಿಳಿಯಬೇಕು. ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೊಳಿಸಿದೆ. 72 ತಿಂಗಳು ಕಾಯ್ದಿಡಬೇಕಾದ ದಾಖಲೆಯನ್ನು ಅಂತಹ ಮರೆತುಹೋದ ಉಚಿತ ಖಾತೆಯಲ್ಲಿಟ್ಟವರು ಒಮ್ಮೆ ತೆರೆದು ನೋಡುವುದು ಲೇಸು.

ಸಂಪರ್ಕ ಕಡಿದ ದಿನ

ಬ್ಯಾಕಪ್‌ಗೆ ಸಂಪರ್ಕ ಒಂದೆರಡು ದಿನ ಇಲ್ಲದಿದ್ದರೂ ನಡೆದೀತು. ಬಿಲ್ಲಿಂಗ್ ಪೂರ್ತಿ ಕ್ಲೌಡ್‌ನಲ್ಲಿದ್ದರೆ ಹಾಗಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿ ತೂಕದ ಸೇತುವೆಯ ಮೇಲೆ ನಿಂತಿರುವಾಗ ಕೇಬಲ್ ತುಂಡಾದರೆ ವ್ಯವಹಾರ ನಿಂತಿತು. ವಾರ್ಷಿಕ ವಹಿವಾಟು ರೂ. 5 ಕೋಟಿ ಮೀರಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದರಿಂದ ಸ್ವಂತ ಸರ್ವರ್ ಇದ್ದವರಿಗೂ ಈ ಅವಲಂಬನೆ ಪೂರ್ತಿ ತಪ್ಪಿದ್ದಲ್ಲ. ಹೊನ್ನಾಳಿಯಿಂದ ಬೇರ್ಪಟ್ಟು 2018ರಲ್ಲಿ ತಾಲ್ಲೂಕಾದ ನ್ಯಾಮತಿಯಾಗಲಿ ಜಗಳೂರಾಗಲಿ, ರಸ್ತೆ ಅಗಲೀಕರಣಕ್ಕೆ ಜೆಸಿಬಿ ಬಂದ ದಿನ ಕೇಬಲ್ಲಿನ ಆಯುಷ್ಯ ಹೇಳಲಾಗದು. ಬೇರೆ ಸಂಸ್ಥೆಯ ಎರಡನೇ ಸಂಪರ್ಕ, ಕನಿಷ್ಠ ಮೊಬೈಲ್ ಡೇಟಾ ಆದರೂ ಇರಬೇಕು. ಸಂಪರ್ಕ ಇಲ್ಲದಾಗ ಯಂತ್ರದಲ್ಲಿಯೇ ಬಿಲ್ಲು ಬರೆದಿಟ್ಟುಕೊಂಡು ನಂತರ ತಾನಾಗಿ ಕಳುಹಿಸುವ ತಂತ್ರಾಂಶಗಳಿವೆ. ನಮ್ಮ ಊರುಗಳಿಗೆ ಅಂತಹವೇ ಹೊಂದುತ್ತವೆ.

ದೋಷವು ಆ ಕೊನೆಯಲ್ಲಿಯೂ ಆಗಬಹುದು. 2025ರ ಜನವರಿಯಲ್ಲಿ ಕೃತಕ ಕೋರಿಕೆಗಳ ಮಹಾಪೂರದ ದಾಳಿಯಿಂದ ಕಾವೇರಿ 2.0 ತಂತ್ರಾಂಶ ಕುಂಠಿತಗೊಂಡು ರಾಜ್ಯದಾದ್ಯಂತ ಉಪ ನೋಂದಣಿ ಕಚೇರಿಗಳಲ್ಲಿ ಜನ ಕಾದು ಕುಳಿತುದು ನೆನಪಿರಬಹುದು. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ನೀಡುವ ಒಂದು ಸಂಸ್ಥೆಯ ಮೇಲೆ ಒತ್ತೆಹಣದ ವೈರಸ್ ದಾಳಿಯಾಗಿ, ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳೂ ಸೇರಿದಂತೆ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ತಾತ್ಕಾಲಿಕವಾಗಿ ಸ್ಥಗಿತಗೊಂಡಿತ್ತು. ಹಲವರು ಒಬ್ಬನನ್ನೇ ನೆಚ್ಚಿದಾಗ ಒಬ್ಬನ ಕಾಯಿಲೆ ಎಲ್ಲರಿಗೂ ತಟ್ಟುವುದು ಹೀಗೆ.

ದೊಡ್ಡವರ ಬಳಿ ಇಟ್ಟರೆ ಕಳೆಯದು ಎಂಬ ನಂಬಿಕೆಗೂ ಮಿತಿಯಿದೆ. ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಗಳಿಂದ ಬೆಂಕಿ ಹೊತ್ತಿಕೊಂಡು, ನೌಕರರು ಕಡತಗಳನ್ನಿಡುತ್ತಿದ್ದ 858 ಟೆರಾಬೈಟ್‌ಗಳ ಸಂಗ್ರಹ ನಾಶವಾಯಿತು. ಅದಕ್ಕೆ ಹೊರಗೆ ಎಲ್ಲಿಯೂ ಪ್ರತಿ ಇರಲಿಲ್ಲ. ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಕತೆ ಬೇರೆ. 2024ರ ಮೇ ತಿಂಗಳಿನಲ್ಲಿ ಗೂಗಲ್ ಕ್ಲೌಡ್‌ನ ಸಂಯೋಜನಾ ದೋಷದಿಂದ ಅದರ ಸಂಪೂರ್ಣ ವ್ಯವಸ್ಥೆಯೇ ಅಳಿಸಿಹೋದರೂ, ಬೇರೊಂದು ಸಂಸ್ಥೆಯಲ್ಲಿ ಪ್ರತಿ ಇಟ್ಟಿದ್ದರಿಂದ ಅದು ಮರಳಿ ಎದ್ದು ನಿಂತಿತು. ಆದ್ದರಿಂದ ಒಂದು ಪ್ರತಿ ಕ್ಲೌಡ್‌ನಲ್ಲಿದ್ದರೂ ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಇನ್ನೊಂದು ಪ್ರತಿ ತೆಗೆದು ಮನೆಯ ಬೀರುವಿನಲ್ಲಿಡುವ ಹಳೆಯ ಪದ್ಧತಿಯನ್ನು ಬಿಡಬೇಕಾಗಿಲ್ಲ.

ಶುಲ್ಕ ಮತ್ತು ಒಪ್ಪಂದ

ಬಳಸಿದಷ್ಟಕ್ಕೆ ಮಾತ್ರ ಹಣ ಎಂಬ ಮಾತು ನಿಜವೇ. ಆದರೆ ಬಳಸದಿದ್ದರೂ ಯಂತ್ರವನ್ನು ನಿಲ್ಲಿಸದಿದ್ದರೆ ಅದು ಬಳಕೆಯೆಂದೇ ಲೆಕ್ಕ. ಬಾಡಿಗೆ ಯಂತ್ರವು ತಿಂಗಳಿಡೀ ಓಡಿದರೆ 720 ಗಂಟೆಗಳ ಶುಲ್ಕ. ದಿನಕ್ಕೆ ಹತ್ತು ಗಂಟೆಯಂತೆ 26 ದಿನ ಅಂಗಡಿ ತೆರೆಯುವವನಿಗೆ ಬೇಕಾದುದು 260 ಗಂಟೆ ಮಾತ್ರ. ಅಂಗಡಿಯ ಬಾಗಿಲು ಹಾಕುವಾಗ ಯಂತ್ರವೂ ತಾನಾಗಿ ನಿಲ್ಲುವಂತೆ ಸಮಯ ನಿಗದಿಪಡಿಸಿದರೆ ಶುಲ್ಕದಲ್ಲಿ ಹೆಚ್ಚಿನ ಪಾಲು ಉಳಿಯುತ್ತದೆ. ಡಿಸ್ಕಿನ ಬಾಡಿಗೆ ಮಾತ್ರ ನಿಲ್ಲದು. ಸೇವೆಗೆ ಶೇ. 18 ಜಿಎಸ್‌ಟಿ ಇದ್ದು, ರೂಪಾಯಿಯಲ್ಲಿ, ತಮ್ಮ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲು ಪಡೆದರೆ ಹೂಡುವಳಿ ತೆರಿಗೆ ಜಮೆಗೆ ಅರ್ಹತೆ ದೊರೆಯಬಹುದು. ವಿದೇಶಿ ಸಂಸ್ಥೆಯು ನೇರವಾಗಿ ಡಾಲರಿನಲ್ಲಿ ಬಿಲ್ಲು ಮಾಡಿದರೆ ತೆರಿಗೆ ಕಟ್ಟುವ ಹೊಣೆ ಕೊಂಡವನ ಮೇಲೆಯೇ ಬೀಳುತ್ತದೆ. ಕಾರ್ಡಿನಿಂದ ಹಣ ಕಡಿತವಾಗುವುದರಿಂದ ಇದು ಹಲವರ ಗಮನಕ್ಕೆ ಬರುವುದಿಲ್ಲ.

ದಲ್ಲಾಳಿ ಮಂಡಿಗಳಲ್ಲಿ ರೈತರ ಆಧಾರ್ ಪ್ರತಿ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳು ರಾಶಿಯಾಗಿವೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ದತ್ತಾಂಶವು ಬೇರೊಬ್ಬರ ಸರ್ವರಿನಲ್ಲಿದ್ದ ಮಾತ್ರಕ್ಕೆ ಅದನ್ನು ಸಂಗ್ರಹಿಸಿದ ಅಂಗಡಿಯವನ ಹೊಣೆ ತಪ್ಪುವುದಿಲ್ಲ.

ಸಹಿ ಹಾಕುವ ಮುನ್ನ ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕಾದ ಉತ್ತರಗಳಲ್ಲಿ ಮುಖ್ಯವಾದುದು, ಸೇವೆ ಬಿಡುವಾಗ ಲೆಕ್ಕವನ್ನು ಯಾವ ರೂಪದಲ್ಲಿ ಮರಳಿಸುತ್ತಾರೆ ಎಂಬುದು. ಎಕ್ಸೆಲ್‌ನಲ್ಲಿಯೋ ಟ್ಯಾಲಿ ಓದಬಲ್ಲ ಕಡತದಲ್ಲಿಯೋ ಖಾತೆವಾರು, ಬಿಲ್‌ವಾರು ದೊರೆಯಬೇಕು. ಮುದ್ರಿಸಲು ಮಾತ್ರ ಬರುವ ಪಿಡಿಎಫ್ ಪ್ರಯೋಜನಕ್ಕೆ ಬಾರದು. ಚಂದಾ ಕಟ್ಟುವುದು ತಪ್ಪಿದರೆ ಎಷ್ಟು ದಿನ ಲೆಕ್ಕವನ್ನು ಅಳಿಸದೆ ಇಡುತ್ತಾರೆ, ದತ್ತಾಂಶ ಕೇಂದ್ರ ಯಾವ ಊರಿನಲ್ಲಿದೆ, ಪ್ರತಿ ಯಾವ ಊರಿನಲ್ಲಿದೆ ಎಂಬುದನ್ನೂ ಕೇಳಬೇಕು.

ಬ್ಯಾಕಪ್ ವ್ಯವಸ್ಥೆ ಮಾಡಿಕೊಂಡ ಸದಸ್ಯರು ಮಾರ್ಚ್ ಲೆಕ್ಕ ಮುಗಿದು ಕೆಲಸ ಹಗುರವಾದ ಏಪ್ರಿಲ್‌ನ ಒಂದು ಭಾನುವಾರ, ಅಂಗಡಿಯದಲ್ಲದ ಬೇರೊಂದು ಗಣಕಯಂತ್ರವನ್ನು ತಂದು, ಕ್ಲೌಡ್‌ನಲ್ಲಿರುವ ಪ್ರತಿಯನ್ನು ಅದರಲ್ಲಿ ಇಳಿಸಿ, ಮಾರ್ಚ್ 31ರ ಅಡಾವೆ ಪತ್ರಿಕೆಯನ್ನು ಮುದ್ರಿಸಿ, ಅಂಗಡಿಯ ಅಡಾವೆಯೊಡನೆ ಪೈಸೆಯವರೆಗೆ ತಾಳೆ ನೋಡಬೇಕು. ಗುಮಾಸ್ತನ ನೆರವಿಲ್ಲದೆ ಮಾಲೀಕರು ತಾವೇ ಇದನ್ನು ಮಾಡತಕ್ಕದ್ದು. ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದು ಆಗಲೇ ಗೊತ್ತಾಗುವುದು.